ಹುಳುಮನೆಯ ಹೊರಗಿಟ್ಟ ಇನ್ಹೇಲರ್

ಕೆಮ್ಮಿಗೆ ಔಷಧಿ ಕೇಳಿಕೊಂಡು ಬಂದವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಕಫ ಬರುತ್ತದೋ, ಒಣ ಕೆಮ್ಮೋ? ಇಷ್ಟು ಕೇಳಿದ್ದಕ್ಕೆ ಜನ ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಾರೆ. ಅವರ ಮನೆಯ ಒಳಗುಟ್ಟನ್ನೇ ಕೇಳಿಬಿಟ್ಟೆನೇನೋ ಎಂಬ ಹಾಗೆ.

"ಕೆಮ್ಮು ಅಂದ್ರೆ ಕೆಮ್ಮು ಸಿಸ್ಟರ್. ಆ ಕೆಂಪು ಟಾನಿಕ್ ಕೊಡಿ, ಹೋಗ್ತೀವಿ."

ನರ್ಸ್ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷದ ಮೇಲಾಯಿತು. ಮೊದಲು ಹೋಳೂರಿನ ಕಡೆ, ಆಮೇಲೆ ಮಾಲೂರು, ಶ್ರೀನಿವಾಸಪುರ, ಈಗ ನಂಗಲಿ ಕಡೆಯ ಹೆದ್ದಾರಿಗೆ ಹತ್ತಿರದ ಒಂದು ಸಣ್ಣ ಸರ್ಕಾರಿ ಆಸ್ಪತ್ರೆ. ಊರು ಬದಲಾದರೂ ಕೆಂಪು ಟಾನಿಕ್ಕು ಬದಲಾಗಿಲ್ಲ. ಕೆಮ್ಮಿನ ಔಷಧಿಯಲ್ಲಿ ಎರಡು ಜಾತಿ ಇವೆ ಎಂದು ಹೇಳಿ ಹೇಳಿ ನನ್ನ ಗಂಟಲೇ ಕಟ್ಟಿಹೋಗಿದೆ. ಒಂದು ಗಟ್ಟಿ ಕಫವನ್ನು ತೆಳ್ಳಗೆ ಮಾಡಿ ಮೇಲಕ್ಕೆ ಬರಿಸುತ್ತದೆ. ಇನ್ನೊಂದು, ಕೆಮ್ಮು ಎಂದು ಅಪ್ಪಣೆ ಕೊಡುವ ತಲೆಯೊಳಗಿನ ಜಾಗವನ್ನೇ ಸುಮ್ಮನಾಗಿಸುತ್ತದೆ. ಎದೆ ತುಂಬ ಕಫ ಇಟ್ಟುಕೊಂಡವರು ಈ ಎರಡನೆಯದನ್ನು ಕುಡಿದರೆ ಕೆಮ್ಮೇನೋ ಕಡಿಮೆಯಾಗುತ್ತದೆ, ಕಫ ಮಾತ್ರ ಒಳಗೇ ಕೂರುತ್ತದೆ. ಕಸ ಗುಡಿಸುವವರನ್ನು ಮನೆಗೆ ಕಳಿಸಿ, ಬೀದಿ ಎಷ್ಟು ನಿಶ್ಶಬ್ದವಾಗಿದೆ ನೋಡಿ ಎಂದು ಖುಷಿಪಟ್ಟ ಹಾಗೆ.

ಅಲರ್ಜಿ ಮಾತ್ರೆಯದೂ ಇದೇ ಕಥೆ. ಮೈಯಲ್ಲಿ ಕಡಿತ, ಸೀನು, ಮೂಗು ಸೋರುವುದು ಶುರುವಾಗುವ ಸುದ್ದಿಯನ್ನೇ ಅದು ದಾರಿಯಲ್ಲಿ ತಡೆಯುತ್ತದೆ. ಆದರೆ ಹಳೆಯ ಕಾಲದ ಮಾತ್ರೆಗಳು ಅಷ್ಟಕ್ಕೇ ನಿಲ್ಲುವುದಿಲ್ಲ, ನಿದ್ದೆಯನ್ನೂ ತರುತ್ತವೆ, ಬಾಯಿ ಒಣಗಿಸುತ್ತವೆ, ಕಫವನ್ನೂ ಒಣಗಿಸಿ ಅಂಟು ಮಾಡುತ್ತವೆ. ನಂಗಲಿಯ ಹತ್ತಿರ ಲಾರಿ ನಿಲ್ಲಿಸಿ ಬಂದ ಒಬ್ಬ ಡ್ರೈವರಿಗೆ, ಇದನ್ನು ನುಂಗಿ ಗಾಡಿ ಓಡಿಸಬೇಡಿ ಎಂದೆ. "ಏಮೀ ಕಾದು ಸಿಸ್ಟರ್," ಏನೂ ಆಗಲ್ಲ ಎಂದು ನಕ್ಕು, ನನ್ನೆದುರಿಗೇ ಎರಡು ಮಾತ್ರೆ ನುಂಗಿ ಲಾರಿ ಹತ್ತಲು ಹೊರಟ. ಕೀಲಿ ಕೊಡಿ ಎಂದು ಕಿತ್ತುಕೊಂಡು ಬೆಂಚಿನ ಮೇಲೆ ಮಲಗಿಸಿದೆ. ಎದ್ದ ಮೇಲೆ ನನ್ನ ಮೇಲೆ ಮೇಲಧಿಕಾರಿಗಳಿಗೆ ದೂರು ಕೊಡುತ್ತೇನೆ ಅಂದ. ಮೂಗು ಕಟ್ಟಿದರೆ ಬಿಡುವ ಹನಿ ಔಷಧಿಯನ್ನು ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಹಾಕಬಾರದು, ಹಾಕಿದರೆ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತದೆ. ಅದನ್ನು ನಾಲ್ಕು ತಿಂಗಳಿಂದ ಹಾಕಿಕೊಳ್ಳುತ್ತಿದ್ದ ಮೇಷ್ಟ್ರೊಬ್ಬರು, "ಇದನ್ನು ಬಿಟ್ಟರೆ ಮೂಗು ಕಟ್ಟುತ್ತದಲ್ಲಮ್ಮ, ಹೇಗೆ ಬಿಡಲಿ?" ಎಂದು ನನಗೇ ಪಾಠ ಮಾಡಿದರು.

ಇವರೆಲ್ಲ ಹೊರಗಿನವರು. ಸಿಟ್ಟು ಬಂದರೂ ಸಂಜೆ ಬಸ್ಸು ಹತ್ತಿದರೆ ಇಳಿದುಹೋಗುತ್ತದೆ. ನನ್ನ ತಲೆ ನಿಜವಾಗಿ ಚಿಟ್ಟು ಹಿಡಿಸಿದವಳು ನನ್ನ ಒಡಹುಟ್ಟಿದ ಅಕ್ಕ.

ಅಕ್ಕನನ್ನು ಕೊಟ್ಟಿರುವುದು ದೇವರಾಯಸಮುದ್ರದ ಕೆರೆಯ ಆಚೆ. ರಾಗಿ, ಒಂದಿಷ್ಟು ತರಕಾರಿ, ಉಳಿದದ್ದೆಲ್ಲ ಹಿಪ್ಪುನೇರಳೆ. ಮನೆಯ ನಡುಮನೆಯೇ ರೇಷ್ಮೆ ಹುಳುವಿನ ಮನೆ. ಹುಳು ಇದ್ದಷ್ಟು ದಿನ ಮನೆಯವರು ಅಡುಗೆಮನೆ ಮತ್ತು ಜಗುಲಿಗೆ ಒತ್ತರಿಸಿಕೊಂಡು ಬದುಕಬೇಕು. ಆ ಮನೆಗೆ ಕಟ್ಟುಕಟ್ಟಳೆ ಬಹಳ. ಕಾಲು ತೊಳೆಯದೆ ಒಳಗೆ ಕಾಲಿಡುವ ಹಾಗಿಲ್ಲ. ಬೀಡಿ ಸೇದಿದವರು, ಸೆಂಟು ಹಾಕಿಕೊಂಡವರು, ಘಾಟಿನ ಮುಲಾಮು ಹಚ್ಚಿಕೊಂಡವರು ಬಾಗಿಲ ಹತ್ತಿರ ಸುಳಿಯುವ ಹಾಗಿಲ್ಲ. ಹುಳು ಅಷ್ಟು ಸೂಕ್ಷ್ಮ. ಇದರಲ್ಲಿ ತಪ್ಪೇನೂ ಇಲ್ಲ, ಸೊಳ್ಳೆಬತ್ತಿಯ ಹೊಗೆಗೇ ಸಾಲುಸಾಲಾಗಿ ಸತ್ತದ್ದನ್ನು ಆ ಕಡೆಯವರೆಲ್ಲ ಕಂಡಿದ್ದಾರೆ.

ಮೂರು ವರ್ಷದಿಂದ ಹುಳುವಿನ ಪ್ರತಿ ಬೆಳೆಯಲ್ಲೂ ಅಕ್ಕನಿಗೆ ಒಂದೇ ಪಾಡು. ಹುಳು ದಪ್ಪವಾಗುತ್ತ ಬಂದ ಹಾಗೆ ಸೀನು ಶುರು, ಕಣ್ಣು ಕೆಂಪು, ಮೂಗು ಸೋರುವುದು. ಗೂಡು ಬಿಡಿಸುವ ಹೊತ್ತಿಗೆ ಎದೆಯಲ್ಲಿ ಸುಂಯ್ ಸುಂಯ್ ಸದ್ದು. ನಮ್ಮ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಹುಳುವಿನ ದೂಳು, ಹುಳು ಸಾಕುವ ಬಿದಿರು ತಟ್ಟೆಗೆ ಎರಚುವ ಸುಣ್ಣದ ಪುಡಿ, ಇವೇ ಆಗದೆ ಉಬ್ಬಸಕ್ಕೆ ತಿರುಗಿದೆ ಎಂದರು. ಹುಳು ಸಾಕುವುದನ್ನು ಬಿಡಲು ಆಗುತ್ತದಾ ಎಂದು ಕೇಳಿದರು. ಅಕ್ಕ ಸುಮ್ಮನೆ ನಕ್ಕಳು. ಅದೇ ಅವಳ ಉತ್ತರ ಎಂದು ಅವರಿಗೂ ಅರ್ಥವಾಯಿತು, ಎರಡು ಇನ್ಹೇಲರ್ ಬರೆದುಕೊಟ್ಟರು. ಒಂದು ದಿನಾ ಬೆಳಗ್ಗೆ ಸಂಜೆ ಎಳೆದುಕೊಳ್ಳುವುದು, ಕೊಳವೆಗಳ ಊತ ನಿಧಾನವಾಗಿ ಇಳಿಸುವುದು. ಇನ್ನೊಂದು ಉಸಿರು ಕಟ್ಟಿದಾಗ ಮಾತ್ರ, ತಕ್ಷಣ ದಾರಿ ಬಿಡಿಸುವುದು. ಎರಡನ್ನೂ ಅಕ್ಕ ಪಂಪು ಎಂದೇ ಕರೆದಳು.

ಜಗುಲಿಯ ಮೇಲೆ ಕೂರಿಸಿ ನಾನೇ ಕಲಿಸಿದೆ. ಅಲ್ಲಾಡಿಸು, ಉಸಿರು ಪೂರ್ತಿ ಬಿಡು, ತುಟಿ ಬಿಗಿಹಿಡಿ, ಒತ್ತುತ್ತಲೇ ಒಳಗೆ ಎಳೆ, ಹತ್ತು ಎಣಿಸುವವರೆಗೆ ಹಿಡಿ, ಆಮೇಲೆ ಬಾಯಿ ಮುಕ್ಕಳಿಸು. ನಾಲ್ಕು ಸಲ ಮಾಡಿಸಿದೆ. ಚೆನ್ನಾಗಿಯೇ ಕಲಿತಳು. ಅಲರ್ಜಿ ಮಾತ್ರೆ ಮೂಗಿನ ಕೆಲಸಕ್ಕೆ, ಎದೆಯ ಕೊಳವೆ ಬಿಡಿಸುವುದು ಅದರ ಕೈಲಾಗದು, ಎದೆಗೆ ಪಂಪೇ ಬೇಕು ಎಂದು ಬಿಡಿಸಿ ಹೇಳಿದೆ. ಹೂ ಹೂ ಅಂದಳು.

ಆಮೇಲಿನ ಮೂರು ತಿಂಗಳು ನಮ್ಮ ಫೋನು ಮಾತು ಹೀಗೆ:

"ಪಂಪು ಹಾಕ್ಕೊಂತಿದೀಯಾ ಅಕ್ಕ?"

"ಹೂ ಕಣೇ." ಕೆಮ್ಮು.

"ದಿನಾ ಎರಡು ಹೊತ್ತು?"

"ಹೂ ಅಂದ್ನಲ್ಲ." ಮತ್ತೆ ಕೆಮ್ಮು.

"ಮತ್ತೆ ಯಾಕೆ ಕಡಿಮೆ ಆಗಿಲ್ಲ? ಎಳೆಯೋದು ಸರಿಯಿಲ್ಲ ನಿಂದು."

"ಲೇ, ನನಗೆ ಉಸಿರಾಡೋದು ಹೇಳಿಕೊಡಬೇಡ. ನಿನಗಿಂತ ಆರು ವರ್ಷ ಜಾಸ್ತಿ ಉಸಿರಾಡಿದೀನಿ."

ನಾನು ಹೋದಾಗಲೂ ಅಷ್ಟೇ. ಜಗುಲಿಯ ಮೇಲೆ ಚಾಪೆ ಹಾಸುತ್ತಾಳೆ, ಕಾಫಿ ಅಲ್ಲಿಗೇ ಬರುತ್ತದೆ, ಮುದ್ದೆ ಸಾರೂ ಅಲ್ಲಿಗೇ. ಒಳಗೆ ಬರುತ್ತೇನೆ ಎಂದರೆ, "ಡ್ಯೂಟಿ ಮಾಡಿ ಸುಸ್ತಾಗಿ ಬಂದಿದೀಯ, ಗಾಳೀಲಿ ಕೂತ್ಕೋ" ಎನ್ನುತ್ತಾಳೆ. ಸರ್ಕಾರಿ ಕೆಲಸದ ತಂಗಿಗೆ ಕೊಡುವ ಮರ್ಯಾದೆ ಎಂದುಕೊಂಡು ನಾನೂ ಕಾಲು ಚಾಚಿ ಕೂತು ಆ ಮರ್ಯಾದೆ ಅನುಭವಿಸುತ್ತಿದ್ದೆ. ಎಷ್ಟೋ ವರ್ಷದಿಂದ ಹೀಗೇ ನಡೆದಿತ್ತು.

ಹೋದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ, ಮಕ್ಕಳ ಚುಚ್ಚುಮದ್ದಿನ ಸಾಲು ಮುಗಿಯುತ್ತಿದ್ದಾಗ, ಭಾವನ ಫೋನು ಬಂತು. ಅಕ್ಕನ ಗಂಡ ಸಾಮಾನ್ಯವಾಗಿ ಫೋನು ಮಾಡುವವರಲ್ಲ.

"ನಿಮ್ಮಕ್ಕನಿಗೆ ಉಸಿರೇ ಸಿಗ್ತಿಲ್ಲ ಕಣಮ್ಮ. ಮಾತಾಡಕ್ಕೂ ಆಗ್ತಿಲ್ಲ."

ಕೈಯಲ್ಲಿದ್ದ ಸಿರಿಂಜು ಕೆಳಗಿಟ್ಟೆ. "ಮಲಗಿಸಬೇಡಿ ಭಾವ, ಕೂರಿಸಿ. ಉಸಿರು ಕಟ್ಟಿದಾಗಿನ ಪಂಪು ತಗೊಳ್ಳಿ, ನೀಲಿದು."

"ಯಾವ ಪಂಪು?"

ನಾನು ಆಸ್ಪತ್ರೆ ಹಾರಿಹೋಗುವ ಹಾಗೆ ಕಿರುಚಿದೆ. ಸಾಲಿನಲ್ಲಿದ್ದ ಮಗುವೊಂದು ಅಳಲು ಶುರುಮಾಡಿತು. ಮೂರು ತಿಂಗಳಿಂದ ದಿನಾ ಎರಡು ಹೊತ್ತು ಬಳಸುತ್ತಿರುವ ವಸ್ತು, ಒಂದೇ ಮನೆಯಲ್ಲಿರುವ ಗಂಡನಿಗೆ ಗೊತ್ತಿಲ್ಲ! ಅಕ್ಕ ಕೈಸನ್ನೆಯಲ್ಲೇ ತೋರಿಸಿದಳಂತೆ. ದನದ ಕೊಟ್ಟಿಗೆಯ ಸೂರಿನ ಸಂದಿಯಲ್ಲಿ, ಒಂದು ಸ್ಟೀಲ್ ಡಬ್ಬಿ, ಡಬ್ಬಿಯ ಸುತ್ತ ಮೂರು ಪ್ಲಾಸ್ಟಿಕ್ ಕವರು, ಅದರ ಮೇಲೆ ರಬ್ಬರ್ ಬ್ಯಾಂಡು. ಭಾವ ಅದನ್ನು ಬಿಚ್ಚಿ ತಂದು ಬಾಯಿಗೆ ಹಿಡಿದರೆ ಅಕ್ಕ ಬಾಯಿ ಬಿಗಿದುಕೊಂಡು ತಲೆ ಅಲ್ಲಾಡಿಸಿದಳಂತೆ. ಬಾಗಿಲ ಕಡೆ ಕೈ ತೋರಿಸಿದಳಂತೆ. ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದು, ಹೊಸ್ತಿಲು ದಾಟಿ, ಅಂಗಳವನ್ನೂ ದಾಟಿ, ಹುಣಸೆ ಮರದ ಹತ್ತಿರ ಹೋದ ಮೇಲೇ ಬಾಯಿ ತೆರೆದಳಂತೆ.

ಟೊಮೇಟೊ ಮಂಡಿಗೆ ಹೊರಟಿದ್ದ ಪಕ್ಕದವರ ಗಾಡಿಯಲ್ಲಿ ಕೂರಿಸಿ ಮುಳಬಾಗಿಲಿನ ದೊಡ್ಡಾಸ್ಪತ್ರೆಗೆ ಕರೆತಂದರು. ನಾನು ಆ ಕಡೆಯಿಂದ ಹೋಗಿ ಸೇರಿಕೊಂಡೆ. ಮುಖಕ್ಕೆ ಮಾಸ್ಕು ಕಟ್ಟಿ ಔಷಧಿಯನ್ನು ಹೊಗೆಯ ಹಾಗೆ ಬಿಡುತ್ತಿದ್ದರು. ತುಟಿ ಕಪ್ಪಿಟ್ಟಿತ್ತು. ಕುತ್ತಿಗೆಯ ಗುಂಡಿ ಪ್ರತಿ ಉಸಿರಿಗೂ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಎಷ್ಟೋ ಜನರಿಗೆ ಆ ಮಾಸ್ಕು ಕಟ್ಟಿದವಳು ನಾನು, ಅವತ್ತು ಅಕ್ಕನ ಬೆನ್ನ ಮೇಲೆ ಕೈಯಿಟ್ಟು ಅವಳ ಉಸಿರು ಎಣಿಸುತ್ತ ಕೂತೆ. ಹೋಗಿಬಿಡುತ್ತಾಳೆ ಎಂದೇ ಅಂದುಕೊಂಡೆ. ಅಮ್ಮ ತೀರಿಕೊಂಡ ಮೇಲೆ ನನಗೆ ಇದ್ದವಳು ಅವಳೊಬ್ಬಳೇ.

ಸಂಜೆಯ ಹೊತ್ತಿಗೆ ಉಸಿರು ಹದಕ್ಕೆ ಬಂತು. ಆಗ ಭಾವ ತಂದಿದ್ದ ಚೀಲ ಬಿಚ್ಚಿದೆ. ದಿನದ ಪಂಪಿನ ಬೆನ್ನಲ್ಲಿ ಎಷ್ಟು ಸಲದ ಔಷಧಿ ಉಳಿದಿದೆ ಎಂದು ತೋರಿಸುವ ಪುಟ್ಟ ಕಿಂಡಿ ಇರುತ್ತದೆ. ಹೊಸದರಲ್ಲಿ ಇನ್ನೂರು. ಈಗ ನೂರ ತೊಂಬತ್ತಾರು. ಜಗುಲಿಯ ಮೇಲೆ ನಾನು ಕಲಿಸುವಾಗ ಒತ್ತಿಸಿದ ನಾಲ್ಕು, ಅಷ್ಟೇ. ಮೂರು ತಿಂಗಳ 'ಹೂ ಕಣೇ' ಅಷ್ಟೂ ಶುದ್ಧ ಸುಳ್ಳು.

ಚೀಲದಲ್ಲಿ ಇನ್ನೂ ಇದ್ದವು. ಮೆಡಿಕಲ್ ಅಂಗಡಿಯ ಕೆಂಪು ಟಾನಿಕ್, ಕೆಮ್ಮು ಅಡಗಿಸುವ ಜಾತಿಯದು, ಮುಕ್ಕಾಲು ಖಾಲಿ. ನೆಗಡಿ ಮಾತ್ರೆ ಒಂದು ಪಟ್ಟಿ, ಅಲರ್ಜಿ ಮಾತ್ರೆ ಒಂದು ಪಟ್ಟಿ. ಹೆಸರು ಬೇರೆ ಬೇರೆ, ಹಿಂದೆ ತಿರುಗಿಸಿ ಓದಿದರೆ ಎರಡರಲ್ಲೂ ಅದೇ ನಿದ್ದೆ ಬರಿಸುವ ಔಷಧಿ. ಎರಡನ್ನೂ ನುಂಗುತ್ತಿದ್ದಳು. ಮಾತ್ರೆ ಕಫವನ್ನು ಅಂಟು ಮಾಡಿತ್ತು, ಟಾನಿಕ್ಕು ಅದನ್ನು ಹೊರಗೆ ಹಾಕುವ ಕೆಮ್ಮನ್ನು ಅಡಗಿಸಿತ್ತು, ಮಂಪರಿನಲ್ಲಿ ಎದೆ ಬಿಗಿಯುತ್ತಿರುವುದು ಅವಳಿಗೇ ತಿಳಿದಿರಲಿಲ್ಲ. ಒಂದೊಂದು ಔಷಧಿಯೂ ತನ್ನ ಕೆಲಸವನ್ನು ನಿಯತ್ತಾಗಿಯೇ ಮಾಡಿತ್ತು.

ಮಾರನೆಯ ದಿನ ಬೆಳಗ್ಗೆ, ಅವಳು ಇಡ್ಲಿ ತಿನ್ನುವಷ್ಟು ಚೇತರಿಸಿಕೊಂಡ ಮೇಲೆ, ನಾನು ಶುರುಮಾಡಿದೆ. ತಡೆದಿಟ್ಟುಕೊಂಡದ್ದನ್ನೆಲ್ಲ ಕಾರಿದೆ. ಓದಿಲ್ಲದವರು ಹೀಗೆ ಮಾಡಿದರೆ ಸಹಿಸಬಹುದು, ನರ್ಸಿನ ಅಕ್ಕ ಹೀಗೆ ಮಾಡಿದರೆ ನಾನು ಯಾರಿಗೆ ಮುಖ ತೋರಿಸಲಿ, ನಾಳೆ ಹುಳು ನಿನ್ನ ಹೆಣ ಹೊರುತ್ತವಾ ಎಂದೆಲ್ಲ ಬಾಯಿಗೆ ಬಂದದ್ದು ಅಂದೆ. ಪಕ್ಕದ ಹಾಸಿಗೆಯವರು ಗೋಡೆಯ ಕಡೆ ತಿರುಗಿಕೊಂಡರು.

ಅಕ್ಕ ಇಡ್ಲಿ ಮುಗಿಸಿ ಕೈ ಒರೆಸಿಕೊಂಡಳು.

"ಆಯ್ತಾ?"

"ಇಲ್ಲ, ಆಗಿಲ್ಲ. ಯಾಕೆ ಹಾಕ್ಕೊಳ್ಳಲಿಲ್ಲ ಹೇಳು."

"ಮಾತ್ರೆ, ಟಾನಿಕ್ಕು ಹೊಟ್ಟೆಗೆ ಹೋಗ್ತದೆ. ಒಳಗೇ ಕರಗ್ತದೆ. ಇದು ಉಸಿರಿಗೆ ಹೋಗ್ತದೆ ಕಣೇ. ಉಸಿರಿಗೆ ಹೋಗಿದ್ದು ಉಸಿರಲ್ಲೇ ತಾನೇ ಹೊರಗೆ ಬರಬೇಕು? ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕಬೇಕಾದ್ರೆ ತಟ್ಟೆ ಮೇಲೆ ಬಗ್ಗಿ ಉಸಿರು ಬಿಡ್ತೀನಿ. ಆ ಔಷಧಿ ಗಾಳಿಯೆಲ್ಲ ಹುಳದ ಮೇಲೆ ಬೀಳಲ್ವಾ?"

ಇಪ್ಪತ್ತು ವರ್ಷದಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಹಾಕಿಕೊಂಡೆಯಾ ಎಂದು ನೂರು ಸಲ ಕೇಳಿದ್ದೆ, ಪಂಪು ಎಲ್ಲಿಟ್ಟಿದ್ದೀಯಾ ಎಂದು ಒಂದು ಸಲವೂ ಕೇಳಿರಲಿಲ್ಲ.

"ಯಾರು ಹೇಳಿದ್ರು ನಿಂಗೆ ಇದನ್ನ? ಔಷಧಿಗೆ ಹುಳ ಸಾಯ್ತವೆ ಅಂತ?"

"ಯಾರೂ ಹೇಳಬೇಕಾಗಿಲ್ಲ. ನಾನೇ ನೋಡಿದೀನಲ್ಲ."

"ಯಾವಾಗ?"

ಅಕ್ಕ ಇಡ್ಲಿಯ ತಟ್ಟೆಯನ್ನು ಮಂಚದ ಕೆಳಗೆ ಸರಿಸಿದಳು.

"ನಿಂಗೆ ಕೆಲಸ ಸಿಕ್ಕಿದ ಹೊಸದರಲ್ಲಿ ಬಂದಿದ್ದಲ್ಲ, ಹೋಳೂರಿಂದ. ಸೊಳ್ಳೆ ಕಚ್ತದೆ ಅಂತ ಕೈಕಾಲಿಗೆಲ್ಲ ಅದೆಂಥದೋ ಮುಲಾಮು ಬಳ್ಕೊಂಡಿದ್ದೆ. ನಾನು ತೋಟಕ್ಕೆ ಹೋಗಿ ಬರೋ ಹೊತ್ತಿಗೆ ನೀನೇ ಒಳಗೆ ಹೋಗಿ ಸೊಪ್ಪು ಹಾಕಿದ್ದೆ. ನನಗೆ ಸಹಾಯ ಆಗ್ಲಿ ಅಂತ."

ನೆನಪಾಯಿತು. ಆ ಬೆಳೆ ಹೋದದ್ದೂ ನೆನಪಾಯಿತು. ಹುಳು ಹಣ್ಣಾಗಿ ಗೂಡು ಕಟ್ಟಲು ನಾಲ್ಕೇ ದಿನ ಇತ್ತು. ತಲೆ ಎತ್ತಿ ಅತ್ತಿತ್ತ ಆಡಿಸುತ್ತ, ಹಸಿರು ನೀರು ಕಾರಿ, ಎರಡು ದಿನದಲ್ಲಿ ಮನೆಯ ತುಂಬ ಸತ್ತುಬಿದ್ದಿದ್ದವು. ಪಕ್ಕದ ಹೊಲದವರು ಟೊಮೇಟೊಗೆ ಹೊಡೆದ ಔಷಧಿ ಗಾಳಿಗೆ ಬಂದು ಸೊಪ್ಪಿನ ಮೇಲೆ ಕೂತಿದೆ ಎಂದು ಎಲ್ಲರೂ ಅಂದಿದ್ದರು. ಭಾವ ಆ ಪಕ್ಕದವರ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದರು. ನಾನೂ ಅವರನ್ನು ಚೆನ್ನಾಗಿಯೇ ಬೈದಿದ್ದೆ.

"ಅದು ಟೊಮೇಟೊ ಔಷಧಿ ಅಂದ್ರಲ್ಲ?"

"ನಾನೇ ಅಂದಿದ್ದು. ನೀನು ಸೊಪ್ಪು ಹಾಕಿದ್ದ ಸಾಲು, ಗೋಡೆ ಕಡೇದು, ಅದೇ ಮೊದಲು ಹೋಯ್ತು ಕಣೇ. ತಟ್ಟೆ ಅಂಚಲ್ಲಿ ಮುಲಾಮಿನ ವಾಸನೆ ಹಂಗೇ ಇತ್ತು. ನಿಮ್ಮ ಭಾವನಿಗೆ ಹೇಳಿದ್ರೆ ನೀನು ಮತ್ತೆ ನಮ್ಮನೆ ಮೆಟ್ಟಿಲು ಹತ್ತೋ ಹಂಗಿತ್ತಾ?"

ಅದೇ ಕಾರಣವೋ ಅಲ್ಲವೋ, ಇವತ್ತು ಯಾರೂ ಹೇಳಲಾರರು. ಆದರೆ ಅಕ್ಕ ಅದನ್ನು ನಂಬಿದ್ದಳು. ನಂಬಿಯೂ, ಇಷ್ಟು ವರ್ಷ ನನ್ನನ್ನು ಒಂದು ಮಾತು ಆಡದೆ ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟಿದ್ದಳು.

"ಅಂದ್ರೆ ನನ್ನನ್ನ ಒಳಗೆ ಬಿಡದೆ ಇದ್ದಿದ್ದು..."

"ಆಸ್ಪತ್ರೆ ವಾಸನೆ ಕಣೇ ನಿಂದು," ಎಂದಳು ಮೆಲ್ಲಗೆ. "ಬೇಜಾರು ಮಾಡ್ಕೋಬೇಡ."

ಸಿಟ್ಟೆಲ್ಲ ಎಲ್ಲಿ ಹೋಯಿತೋ. ನಾಚಿಕೆಯಾಯಿತು, ದುಃಖವಾಯಿತು. ಆದರೂ ನಾನು ನರ್ಸು, ಬಾಯಿ ಸುಮ್ಮನಿರುವುದಿಲ್ಲ. ಹತ್ತು ಎಣಿಸುವವರೆಗೆ ಉಸಿರು ಹಿಡಿದರೆ ಔಷಧಿ ಹೆಚ್ಚು ಪಾಲು ಬಾಯಿಗೂ ಕೊಳವೆಗೂ ಅಂಟಿಕೊಳ್ಳುತ್ತದೆ, ಹೊರಗೆ ಬರುವುದು ಅಷ್ಟಿಷ್ಟು, ಹುಳುವಿಗೆ ಏನೂ ಆಗುವುದಿಲ್ಲ ಎಂದೆ.

"ನಿಂಗೆ ಹೆಂಗೆ ಗೊತ್ತು? ಅವತ್ತೂ ನಿಂಗೆ ಗೊತ್ತಿರಲಿಲ್ಲ."

ನಾವು ಓದಿದ ಯಾವ ಪುಸ್ತಕದಲ್ಲೂ ರೇಷ್ಮೆ ಹುಳುವಿನ ಕಡೆಯಿಂದ ಈ ಪ್ರಶ್ನೆ ಕೇಳಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಅಕ್ಕನೇ ದಾರಿ ಹುಡುಕಿದಳು. ಮುಂದಿನ ಬೆಳೆಯಲ್ಲಿ ಜಗುಲಿಯ ಮೇಲೆ ಒಂದು ತಟ್ಟೆ ಬೇರೆ ಇಡುತ್ತೇನೆ, ಪಂಪು ಎಳೆದುಕೊಂಡು ಆ ತಟ್ಟೆಗೆ ಮಾತ್ರ ನಾನೇ ಸೊಪ್ಪು ಹಾಕುತ್ತೇನೆ, ಉಳಿದದ್ದಕ್ಕೆ ನಿಮ್ಮ ಭಾವ ಹಾಕಲಿ, ಅವು ಬದುಕಿದರೆ ನಾನೂ ಪಂಪು ಬಿಡುವುದಿಲ್ಲ ಎಂದಳು. ಡಾಕ್ಟರಿಗೆ ಹೇಳಿದೆ. ನಕ್ಕರು. ಅಷ್ಟು ದಿನ ಹುಳುಮನೆಯ ದೂಳಿನಿಂದ ದೂರ ಇದ್ದರೆ ಅವರ ಎದೆಗೂ ಒಳ್ಳೆಯದೇ, ಕೆಂಪು ಟಾನಿಕ್ಕು ಮಾತ್ರ ತಿಪ್ಪೆಗೆ ಹೋಗಲಿ ಎಂದರು.

ಆ ಬೆಳೆಯ ಉದ್ದಕ್ಕೂ ನಾನು ಅನುಭವಿಸಿದ ಕಷ್ಟ ಯಾರಿಗೂ ಬೇಡ. ಸಂಜೆ ಫೋನು ಮಾಡಿ ಉಸಿರು ಹೇಗಿದೆ ಎಂದು ಕೇಳಿದರೆ, "ಚೆನ್ನಾಗಿ ತಿಂತಾವೆ" ಎನ್ನುವಳು. ಕೆಮ್ಮು ಕಡಿಮೆ ಆಯಿತಾ ಎಂದರೆ, "ಎರಡು ಯಾಕೋ ಮಂಕಾಗಿದ್ದವು, ಈಗ ಸರಿಹೋದವು" ಎನ್ನುವಳು. ನಿನ್ನ ಆರೋಗ್ಯ ಕೇಳುತ್ತಿದ್ದೇನೆ ಎಂದು ಬಾಯಿ ಬಡಿದುಕೊಂಡೆ. ಆದರೆ ಫೋನಿನಲ್ಲಿ ಕೆಮ್ಮು ಕೇಳಿಸುತ್ತಿರಲಿಲ್ಲ. ಕಿಂಡಿಯ ಅಂಕಿ ಓದು ಎಂದರೆ ಓದಿಹೇಳುತ್ತಿದ್ದಳು, ಅದು ದಿನದಿನಕ್ಕೆ ಇಳಿಯುತ್ತಿತ್ತು.

ಒಂದು ದಿನ ಡ್ಯೂಟಿಯ ನಡುವೆ ಅವಳದೇ ಫೋನು.

"ಕಟ್ಟಿದವು ಕಣೇ. ಆ ತಟ್ಟೇಲಿದ್ದ ಹುಳ ಅಷ್ಟೂ ಗೂಡು ಕಟ್ಟಿದವು. ಗಟ್ಟಿಯಾಗೇ ಅವೆ."

ಡಾಕ್ಟರು ಹೇಳಿದ್ದು ಸಾಲದು, ತಂಗಿ ಕಿರುಚಿದ್ದು ಸಾಲದು, ಒಂದು ತಟ್ಟೆ ಹುಳು ಸಾಕ್ಷಿ ಹೇಳಬೇಕಾಯಿತು. ಇಷ್ಟು ವರ್ಷದ ನನ್ನ ಕೆಲಸದ ಮೇಲೆ ನನಗೇ ಬೇಸರ ಬಂತು. ಫೋನು ಇಟ್ಟು ಔಷಧಿ ಕೋಣೆಗೆ ಹೋಗಿ ಅತ್ತೆ. ಹೊರಗೆ ಯಾರೋ ಕೆಂಪು ಟಾನಿಕ್ ಕೇಳುತ್ತಿದ್ದರು.

ಅದರ ಮುಂದಿನ ಬೆಳೆಯಲ್ಲಿ, ಕೊನೆಯ ಸೊಪ್ಪಿನ ದಿನಗಳಲ್ಲಿ, ರಜೆ ಹಾಕಿ ಹೋದೆ. ಡಬ್ಬಿ ಕೊಟ್ಟಿಗೆಯ ಸೂರಿನಿಂದ ಇಳಿದು ಜಗುಲಿಯ ಮೊಳೆಗೆ ನೇತಾಡುತ್ತಿತ್ತು. ಅಕ್ಕ ಅಂಗಳದಲ್ಲಿ ನಿಂತು ಪಂಪು ಎಳೆದುಕೊಂಡಳು, ಬಾಯಿ ಮುಕ್ಕಳಿಸಿದಳು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಳು. ನಾನು ಅಭ್ಯಾಸದಂತೆ ಜಗುಲಿಯ ಮೇಲೆ ಕೂರಲು ಹೋದೆ.

"ಅಲ್ಲಿ ಯಾಕೆ ಕೂತ್ಕೊಂತೀಯ? ಕೈಕಾಲು ತೊಳ್ಕೋ."

ತೊಳೆದುಕೊಂಡೆ. ಹತ್ತಿರ ಬಂದು ನನ್ನ ಕೈ ಮೂಸಿದಳು, ಮುಡಿ ಮೂಸಿದಳು, ಸೆರಗು ಮೂಸಿದಳು. ಹೋಗಿ ಇನ್ನೊಂದು ಸಲ ತೊಳೆದುಕೊಂಡು ಬಾ ಅಂದಳು. ಎರಡನೇ ಸಲವೂ ಮೂಸಿ ನೋಡಿ, ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಒಳಗೆ ಹುಳು ಸೊಪ್ಪು ತಿನ್ನುವ ಸದ್ದು ತುಂಬಿತ್ತು. ನನಗೆ ಅದು ಮರೆತೇಹೋಗಿತ್ತು. ಅಕ್ಕ ಸೊಪ್ಪಿನ ಮಂಕರಿಯನ್ನು ನನ್ನ ಕೈಗೆ ಕೊಟ್ಟಳು. ನನಗೇ ಧೈರ್ಯ ಸಾಲದೆ, ನನ್ನ ಅಂಗೈಯನ್ನು ನಾನೇ ಇನ್ನೊಂದು ಸಲ ಮೂಸಿಕೊಂಡೆ.

"ನಾನು ಈ ಕಡೆಯಿಂದ ಬರ್ತೀನಿ," ಎಂದಳು ಅಕ್ಕ. "ಗೋಡೆ ಕಡೆ ಸಾಲು ನೀನು ಹಾಕು."